ಚೆನ್ನಾಗಿದೆ ಅಂದಮೇಲೆ ನಿಜವೇ ಇರಬೇಕು

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಎಲ್ಲರಿಗಿಂತ ಜಾಸ್ತಿ ಚಿತ್ರ ಹಾಕುವವರು ತಿಪಟೂರಿನ ನಮ್ಮ ದೊಡ್ಡಮ್ಮ. ಒಂದು ದಿನ ಬೆಳಿಗ್ಗೆ ಒಂದು ಫೋಟೊ ಬಂತು. ಮೈಯೆಲ್ಲ ಮಣ್ಣಾದ ಒಬ್ಬ ಪುಟ್ಟ ಹುಡುಗ, ಪಕ್ಕದಲ್ಲಿ ಅವನೇ ಮರಳಿನಲ್ಲಿ ಮಾಡಿದ ಆನೆಗಾತ್ರದ ನಂದಿ. ಹುಡುಗನ ಎಡಗೈಯಲ್ಲಿ ಆರು ಬೆರಳು. ನಾನು ಜಾಣತನ ತೋರಿಸಲು ಹೋಗಿ "ದೊಡ್ಡಮ್ಮ, ಇದು ನಿಜ ಅಲ್ಲ, ಎಐ ಮಾಡಿದ್ದು" ಎಂದು ಬರೆದೆ. "ಗೊತ್ತು ಕಣೋ. ನೋಡೋಕೆ ಚೆನ್ನಾಗಿದೆ ಅಲ್ವಾ?" ಎಂದು ಉತ್ತರ ಬಂತು. ನಾನು ಸುಮ್ಮನಾದೆ.

ಎರಡು ತಿಂಗಳಾದ ಮೇಲೆ ಇನ್ನೊಂದು ಬಂತು. ಈ ಸಲ ಪೋಸ್ಟರ್. ತಿಳಿ ಹಸಿರು ಹಿನ್ನೆಲೆ, ದುಂಡನೆಯ ಅಕ್ಷರ, ಒಂದೇ ಒಂದು ಕಾಗುಣಿತದ ತಪ್ಪಿಲ್ಲ, ಮೂಲೆಯಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡು ನಗುತ್ತಿರುವ ಡಾಕ್ಟರು. ಯಾವುದೋ ಎಲೆಯ ಕಷಾಯ 21 ದಿನ ಕುಡಿದರೆ ಬಿಪಿ ಮಾತ್ರೆಯೇ ಬೇಡವಂತೆ. ದೊಡ್ಡಮ್ಮ ಅದನ್ನು ಬರೀ ಫಾರ್ವರ್ಡ್ ಮಾಡಿರಲಿಲ್ಲ, ಮಾತ್ರೆ ಬಿಟ್ಟು ಹತ್ತು ದಿನ ಆಗಿತ್ತು. ತಲೆ ಸುತ್ತಿ ಅಡುಗೆಮನೆಯಲ್ಲಿ ಕೂತುಬಿಟ್ಟ ಮೇಲೆಯೇ ಮಕ್ಕಳಿಗೆ ವಿಷಯ ಗೊತ್ತಾಗಿದ್ದು. ಯಾಕೆ ನಂಬಿದಿರಿ ಎಂದು ಫೋನಿನಲ್ಲಿ ಕೇಳಿದರೆ, "ಎಷ್ಟು ನೀಟಾಗಿ ಮಾಡಿದ್ದಾರೆ ನೋಡು. ಸುಳ್ಳು ಹೇಳೋರು ಇಷ್ಟೆಲ್ಲ ಯಾಕೋ ಕಷ್ಟ ಪಡ್ತಾರೆ?" ಎಂದರು.

ಆರು ಬೆರಳಿನ ಹುಡುಗನಿಗೆ ಮೋಸಹೋಗದವರು ನೀಟಾದ ಪೋಸ್ಟರಿಗೆ ಮೋಸಹೋದದ್ದು ಹೇಗೆ? ಆವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಎರಡೂ ಒಂದೇ ಫೋನಿಗೆ, ಒಂದೇ ಗ್ರೂಪಿನಿಂದ ಬಂದವು. ಎರಡೂ ಚೆನ್ನಾಗಿದ್ದವು. ಒಂದರಲ್ಲಿ ಚೆಂದ ಚೆಂದವಾಗಿಯೇ ಉಳಿಯಿತು, ಇನ್ನೊಂದರಲ್ಲಿ ಅದೇ ಸಾಕ್ಷಿಯಾಗಿ ಹೋಯಿತು.

ದೊಡ್ಡಮ್ಮನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ, ಆದರೆ ಅದು ದಡ್ಡ ಪ್ರಶ್ನೆಯಲ್ಲ. ತೀರಾ ಈಚಿನವರೆಗೂ ನೀಟಾಗಿ ಮಾಡುವುದಕ್ಕೆ ದುಡ್ಡು, ಸಮಯ, ಜನ ಬೇಕಿತ್ತು. ಒಂದು ಕರಪತ್ರ ಚೆಂದವಾಗಿ ಬರಬೇಕೆಂದರೆ ಬರೆಯುವವರು, ತಿದ್ದುವವರು, ಅಚ್ಚಿನವರು, ಕೊನೆಗೆ ಅದರ ಮೇಲೆ ಹೆಸರು ಹಾಕಿಕೊಂಡು ಜವಾಬ್ದಾರಿ ಹೊರುವವರು ಇರಬೇಕಿತ್ತು. "ಪೇಪರಿನಲ್ಲೇ ಬಂದಿದೆ" ಅನ್ನುವ ಮಾತಿಗೆ ತೂಕ ಇದ್ದದ್ದು ಅದಕ್ಕೇ. ಸುಳ್ಳುಗಾರರು ಅವಸರದಲ್ಲಿರುತ್ತಾರೆ, ಅವಸರ ಕಣ್ಣಿಗೆ ಕಾಣುತ್ತದೆ. ಬ್ಯಾಂಕಿನ ಹೆಸರಿನಲ್ಲಿ ಬರುತ್ತಿದ್ದ ಮೋಸದ ಮೆಸೇಜುಗಳನ್ನು ನೆನಪಿಸಿಕೊಳ್ಳಿ. "ನಿಮ್ಮ ಖಾತೆ ಆಗಿದೆ ಮುಚ್ಚಲಾಗುತ್ತಿದೆ ದಯೆಯಿಂದ ಒತ್ತು ಇಲ್ಲಿ" ಅನ್ನುವ ಥರದ ಕನ್ನಡ. ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತಿತ್ತು. ಆ ಕೆಟ್ಟ ಕನ್ನಡ ಅದೆಷ್ಟು ಜನರ ದುಡ್ಡು ಉಳಿಸಿದೆಯೋ. ಅಂದರೆ ಅಂದಚೆಂದ ನೋಡಿ ನಂಬುವುದು ಪೂರ್ತಿ ಮೂರ್ಖತನವಾಗಿರಲಿಲ್ಲ. ಅದೊಂದು ಒರಟು ಅಂದಾಜು, ಬಹಳ ಸಲ ಸರಿಯಾಗುತ್ತಿದ್ದ ಅಂದಾಜು. ಈಗ ಚೆಂದ ಪುಕ್ಕಟೆ ಸಿಗುತ್ತಿದೆ. ಕಾಗುಣಿತ ಸರಿಯಿರುವ, ಧಾಟಿ ಮೃದುವಾಗಿರುವ ಕನ್ನಡವನ್ನು ಯಂತ್ರ ನಿಮಿಷದೊಳಗೆ ಕೊಡುತ್ತದೆ. ಕಣ್ಣಿನ ಅಭ್ಯಾಸ ಮಾತ್ರ ಹಳೆಯದೇ ಉಳಿದಿದೆ.

ಕಿವಿಯ ಕಥೆ ಇನ್ನೂ ಹಳೆಯದು. ಕಣ್ಣಿಗೆ "ಕಷ್ಟ ಪಟ್ಟು ಮಾಡಿದ್ದಾರೆ" ಅನ್ನುವ ನೆಪವಾದರೂ ಇತ್ತು, ಕಿವಿಗೆ ಅದೂ ಬೇಡ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂತೀವಿ. ಎಷ್ಟು ಧೈರ್ಯದ ಮಾತು ನೋಡಿ, ಪ್ರಮಾಣಗಳಲ್ಲೆಲ್ಲ ದೊಡ್ಡದು ಎಂದು ಕೆಲವರು ಹೇಳುವ ವೇದವನ್ನೇ ಕೆಳಗಿಳಿಸಿ ಗಾದೆಯನ್ನು ಮೇಲೆ ಕೂರಿಸುತ್ತದೆ. ಆಧಾರ ಏನು? ವೇದ, ಗಾದೆ ಎರಡಕ್ಕೂ ಎರಡನೇ ಅಕ್ಷರದಲ್ಲಿ ಪ್ರಾಸ ಕೂಡಿದೆ, ಅಷ್ಟೇ. "ಮಾತು ಬೆಳ್ಳಿ ಮೌನ ಬಂಗಾರ" ಅನ್ನುವವರೇ ಇನ್ನೊಂದು ಹೊತ್ತಿನಲ್ಲಿ "ಬಾಯಿದ್ದವನು ಬರಗಾಲದಲ್ಲೂ ಬದುಕಿದ" ಅಂತಾರೆ. ಎರಡನ್ನೂ ಒಟ್ಟಿಗಿಟ್ಟರೆ ಸುಮ್ಮನಿರಬೇಕೋ ಮಾತಾಡಬೇಕೋ ಗೊತ್ತಾಗುವುದಿಲ್ಲ, ಆದರೆ ಬಿಡಿಬಿಡಿಯಾಗಿ ಕೇಳಿದಾಗ ಎರಡೂ ಸತ್ಯ ಅನಿಸುತ್ತವೆ. "ಕೈ ಕೆಸರಾದರೆ ಬಾಯಿ ಮೊಸರು" ಅನ್ನುವುದನ್ನು "ಕೈ ಮಣ್ಣಾದರೆ ಬಾಯಿಗೆ ಮಜ್ಜಿಗೆ" ಎಂದು ಹೇಳಿ ನೋಡಿ. ಅರ್ಥ ಹೆಚ್ಚುಕಡಿಮೆ ಅದೇ. ಯಾರಾದರೂ ತಲೆದೂಗುತ್ತಾರಾ?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಜನರಿಗೆ ಅಷ್ಟೇನೂ ಪರಿಚಯವಿಲ್ಲದ ಇಂಗ್ಲಿಷ್ ಗಾದೆಗಳನ್ನು ಕೊಟ್ಟು ಇದು ಎಷ್ಟು ನಿಜ ಎಂದು ಕೇಳಿದರು. ಕೆಲವರಿಗೆ ಪ್ರಾಸ ಇರುವ ರೂಪ, ಕೆಲವರಿಗೆ ಅದೇ ಅರ್ಥದ ಪ್ರಾಸವಿಲ್ಲದ ರೂಪ. ಪ್ರಾಸ ಇದ್ದದ್ದಕ್ಕೆ "ನಿಜ" ಎಂಬ ಅಂಕ ಹೆಚ್ಚು ಬಿತ್ತು. ಅದಕ್ಕೂ ಒಂದು ವರ್ಷ ಮೊದಲು ಇನ್ನಿಬ್ಬರು ಮನಶ್ಶಾಸ್ತ್ರಜ್ಞರು "ಇಂಥ ಊರು ಇಂಥ ದೇಶದಲ್ಲಿದೆ" ಎನ್ನುವಂಥ ಒಣ ವಾಕ್ಯಗಳನ್ನೇ ಬೇರೆ ಬೇರೆ ಬಣ್ಣದಲ್ಲಿ ತೋರಿಸಿದ್ದರು. ಬಿಳಿ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುವ ಬಣ್ಣದ ಅಕ್ಷರದಲ್ಲಿದ್ದ ವಾಕ್ಯಗಳನ್ನು, ಕಣ್ಣು ಕಿರಿದು ಮಾಡಿ ಓದಬೇಕಾದ ವಾಕ್ಯಗಳಿಗಿಂತ ಹೆಚ್ಚು ಜನ ನಿಜ ಎಂದರು. ಓದುವುದಕ್ಕೆ ಸಲೀಸಾದದ್ದು ನಂಬುವುದಕ್ಕೂ ಸಲೀಸು. ಪ್ರಾಸದ ಅಧ್ಯಯನದಲ್ಲಿ ನನಗೆ ಇಷ್ಟವಾದದ್ದು ಬೇರೆ ವಿಷಯ. ಮಾತಿನ ಚೆಂದವನ್ನೂ ಹೇಳಿದ ವಿಷಯವನ್ನೂ ಬೇರೆ ಮಾಡಿ ನೋಡಿ ಎಂದು ಮೊದಲೇ ಹೇಳಿದಾಗ ಪ್ರಾಸದ ಜೋರು ಕಡಿಮೆಯಾಯಿತು. ಅಂದರೆ ಬೇರೆ ಮಾಡಿ ನೋಡುವ ಶಕ್ತಿ ನಮಗಿದೆ, ಯಾರೂ ಕೇಳದಿದ್ದರೆ ಬಳಸುವುದಿಲ್ಲ.

ಹಾಗಂತ ಕಿವಿ ಬರೀ ಮೋಸಹೋಗುವ ಅಂಗ ಎನ್ನಲೂ ಆಗದು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಜನರನ್ನು "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಎಂದು ಹೊಗಳುತ್ತದೆ. ಶಾಲೆಗೆ ಹೋಗಿ ಓದದೆಯೂ ಕಾವ್ಯದ ಹದ ತಿಳಿದವರು ಎಂದು. ನಾವು ಇದನ್ನು ನವೆಂಬರಿನಲ್ಲಿ ವೇದಿಕೆ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿ ಮರೆಯುತ್ತೇವೆ. ಆದರೆ ಅದು ಅರಿವಿನ ಬಗೆಗೇ ಒಂದು ದೊಡ್ಡ ಮಾತು. ಗ್ರಂಥದಿಂದ ಬಾರದ, ತರ್ಕದಿಂದ ಬಾರದ, ಕಿವಿಯ ಪಳಗುವಿಕೆಯಿಂದ ಬರುವ ಒಂದು ತಿಳಿವಳಿಕೆ ಇದೆ ಅನ್ನುತ್ತದೆ.

ಹೀಗೆ ಇಂದ್ರಿಯದ ಮೂಲಕ ಬರುವ ಅರಿವಿಗೇ ಒಂದು ಶಾಸ್ತ್ರ ಬೇಕು ಎಂದು ಯುರೋಪಿನಲ್ಲಿ ಹೇಳಿದವನು ಜರ್ಮನಿಯ ತತ್ತ್ವಜ್ಞಾನಿ ಬಾಮ್‌ಗಾರ್ಟನ್. ಇವತ್ತು ಸೌಂದರ್ಯಶಾಸ್ತ್ರ ಎಂದು ನಾವು ಕರೆಯುವ ಎಸ್ತೆಟಿಕ್ಸ್‌ಗೆ ಆ ಹೆಸರು ಕೊಟ್ಟವನೇ ಅವನು, 1735ರಲ್ಲಿ. ಮೂಲ ಗ್ರೀಕ್ ಮಾತಿಗೆ ಇಂದ್ರಿಯದಿಂದ ತಿಳಿಯುವುದು ಎಂಬ ಅರ್ಥ. 1750ರ ತನ್ನ ಗ್ರಂಥದಲ್ಲಿ ಅವನು ಇದನ್ನು ಇಂದ್ರಿಯಜ್ಞಾನದ ಶಾಸ್ತ್ರ ಎಂದೇ ವಿವರಿಸಿದ. ಅಂದರೆ ಸೌಂದರ್ಯಶಾಸ್ತ್ರ ಹುಟ್ಟಿದ್ದೇ ಜ್ಞಾನಶಾಸ್ತ್ರದ ಮನೆಯಲ್ಲಿ, ತರ್ಕಶಾಸ್ತ್ರದ ತಂಗಿಯಾಗಿ. ಆಮೇಲೆ ಇನ್ನೊಬ್ಬ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ಬಂದು "ಈ ಹೂ ಚೆನ್ನಾಗಿದೆ" ಅನ್ನುವ ತೀರ್ಮಾನದಿಂದ ಹೂವಿನ ಬಗ್ಗೆ ಏನೂ ತಿಳಿಯುವುದಿಲ್ಲ, ಅದು ಜ್ಞಾನದ ತೀರ್ಮಾನವೇ ಅಲ್ಲ ಎಂದ. ಅವನ ವಾದ ನಾನು ಹೇಳಿದ್ದಕ್ಕಿಂತ ಎಷ್ಟೋ ಸೂಕ್ಷ್ಮ, ಆದರೆ ಅಲ್ಲಿಂದಾಚೆಗೆ ಮನೆ ಪಾಲಾಯಿತು. ನಿಜ ಯಾವುದು ಎಂದು ಕೇಳುವವರು ಒಂದು ಕಡೆ, ಚೆಂದ ಯಾವುದು ಎಂದು ಕೇಳುವವರು ಇನ್ನೊಂದು ಕಡೆ. ದೊಡ್ಡಮ್ಮನ ಫೋನಿನಲ್ಲಿ ಮಾತ್ರ ಎರಡೂ ಒಂದೇ ಗಾಜಿನ ಮೇಲೆ ಬರುತ್ತವೆ.

ನಮ್ಮ ಕಡೆ ಈ ಪಾಲು ಅಷ್ಟು ಗಟ್ಟಿಯಾಗಿ ಆಗಲೇ ಇಲ್ಲ. ರಸದ ಬಗ್ಗೆ, ಅಂದರೆ ಕಾವ್ಯ ನಾಟಕಗಳಿಂದ ಸಿಗುವ ಸವಿಯ ಬಗ್ಗೆ, ಕಾಶ್ಮೀರದ ಪಂಡಿತರು ಜಗಳವಾಡಿದ್ದು ಬಹುಪಾಲು ಜ್ಞಾನಶಾಸ್ತ್ರದ ಮಾತುಗಳಲ್ಲೇ. ರಸ ಎನ್ನುವುದು ಪ್ರತ್ಯಕ್ಷವೋ, ಅನುಮಾನವೋ (ಸಂಶಯವಲ್ಲ, ಗುರುತು ನೋಡಿ ತರ್ಕದಿಂದ ತಿಳಿಯುವುದು), ನೆನಪೋ, ಇದ್ಯಾವುದೂ ಅಲ್ಲವೋ? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ ಎಂ. ಹಿರಿಯಣ್ಣನವರು (1871–1950) ಕಲೆಯ ಅನುಭವವನ್ನು ದರ್ಶನಗಳ ಪಕ್ಕದಲ್ಲೇ ಇಟ್ಟು ನೋಡಿದ್ದು ಇದೇ ಕಾರಣಕ್ಕೆ ಇರಬೇಕು. ಆ ಜಗಳದಲ್ಲಿ ನನಗೆ ಬೇಕಾದವನು ಒಬ್ಬನೇ, ಶಂಕುಕ. ಅವನೂ ಹೆಚ್ಚುಕಡಿಮೆ ನಮ್ಮ ಕವಿರಾಜಮಾರ್ಗದ ಕಾಲದವನೇ. ಅವನು ಬರೆದದ್ದು ಉಳಿದಿಲ್ಲ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಕಾಶ್ಮೀರದ ಇನ್ನೊಬ್ಬ ಪಂಡಿತ ಅಭಿನವಗುಪ್ತ ಅವನ ವಾದವನ್ನು ಖಂಡಿಸುವುದಕ್ಕೆಂದು ಎತ್ತಿ ಹೇಳಿದ್ದರಿಂದ ನಮಗೆ ಗೊತ್ತು. ಬೈದವರಿಂದಲೇ ಹೆಸರು ಉಳಿಯುವುದು ಅಂದರೆ ಇದು.

ಶಂಕುಕ ಕೇಳಿದ್ದು ಸರಳವಾದ ಪ್ರಶ್ನೆ. ರಂಗದ ಮೇಲೆ ರಾಮನ ವೇಷದ ನಟನನ್ನು ನೋಡುತ್ತ "ಇವನು ರಾಮ" ಅಂದುಕೊಳ್ಳುತ್ತೀರಲ್ಲ, ಅದು ಎಂಥ ಜ್ಞಾನ? ಸರಿಯಾದ ಜ್ಞಾನವೇ? ಅಲ್ಲ, ಇವನೇ ನಿಜವಾದ ರಾಮ ಎಂದು ಯಾರೂ ತಿಳಿದಿಲ್ಲ. ತಪ್ಪು ಜ್ಞಾನವೇ? ಹಗ್ಗವನ್ನು ಹಾವೆಂದು ಹೆದರಿದವರು ಆಮೇಲೆ "ಛೇ, ಹಗ್ಗ" ಅಂದುಕೊಳ್ಳುತ್ತಾರೆ. ನಾಟಕ ನೋಡುವಾಗ ಆ ಥರ "ಛೇ" ಅನ್ನುವುದೇ ಇಲ್ಲ. ಸಂಶಯವೇ? ರಾಮನೋ ಅಲ್ಲವೋ ಎಂದು ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ರಾಮನ ಹಾಗಿದ್ದಾನೆ ಎಂಬ ಹೋಲಿಕೆಯೇ? ಹಾಗೂ ಅಲ್ಲ, ರಾಮನನ್ನು ನೋಡಿದವರು ಯಾರಿದ್ದಾರೆ. ನಾಲ್ಕೂ ಅಲ್ಲ ಅಂದಮೇಲೆ ಐದನೆಯದೊಂದು ಇರಲೇಬೇಕು. ಅದಕ್ಕೆ ಅವನು ಕೊಟ್ಟ ಉದಾಹರಣೆ ಚಿತ್ರದ ಕುದುರೆ. ಗೋಡೆಯ ಮೇಲಿನ ಚಿತ್ರ ತೋರಿಸಿ ಮಗುವನ್ನು ಇದೇನು ಎಂದು ಕೇಳಿ. "ಕುದುರೆ" ಅನ್ನುತ್ತದೆ. "ಕುದುರೆಯ ಚಿತ್ರ" ಅನ್ನುವುದಿಲ್ಲ. ಹಾಗಂತ ಹುಲ್ಲು ಹಾಕಲೂ ಹೋಗುವುದಿಲ್ಲ. ಕನ್ನಡದಲ್ಲಿ ಈ ಚರ್ಚೆಯನ್ನು ತಿಳಿಯಾಗಿ ಓದಬೇಕೆಂದರೆ ತೀ.ನಂ. ಶ್ರೀಕಂಠಯ್ಯನವರ ಭಾರತೀಯ ಕಾವ್ಯಮೀಮಾಂಸೆ ಇದೆ, ಇವತ್ತಿಗೂ ಅದಕ್ಕಿಂತ ಒಳ್ಳೆ ಬಾಗಿಲು ನನಗೆ ಕಂಡಿಲ್ಲ.

ದೊಡ್ಡಮ್ಮ ಆರು ಬೆರಳಿನ ಹುಡುಗನನ್ನು ನೋಡಿದ್ದು ಹೀಗೇ. "ಗೊತ್ತು ಕಣೋ" ಎಂದಾಗ ಅವರು ಚಿತ್ರದ ಕುದುರೆಯ ಮುಂದೆ ನಿಂತಿದ್ದರು. ನಾನು ಅಲ್ಲಿಗೆ ಹೋಗಿ "ಇದು ಬಣ್ಣ, ಕುದುರೆಯಲ್ಲ" ಎಂದು ಪಾಠ ಹೇಳಿದ್ದೆ.

ಆದರೆ ಐದನೆಯ ಬಗೆಯ ಆ ನೋಟ ತಾನಾಗಿ ಹುಟ್ಟುವುದಿಲ್ಲ, ಅದಕ್ಕೊಂದು ಚೌಕಟ್ಟು ಬೇಕು. ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ನೋಡಿದವರಿಗೆ ಇದು ಗೊತ್ತು. ಅರ್ಧ ಬಣ್ಣ ಬಳಿದುಕೊಂಡು ಚಹಾ ಕುಡಿಯುತ್ತ ಕೂತ ಮನುಷ್ಯ ಅಲ್ಲಿ ಪಕ್ಕದೂರಿನ ಅಣ್ಣ. ಚಂಡೆ ಬಾರಿಸಿ, ಪರದೆ ಸರಿದು ರಂಗಸ್ಥಳಕ್ಕೆ ಬಂದ ಮೇಲೆ ರಾವಣ. ಎರಡೂ ನಮಗೆ ಗೊತ್ತು, ಎರಡೂ ಒಂದಕ್ಕೊಂದು ಅಡ್ಡಬರುವುದಿಲ್ಲ, ಯಾಕೆಂದರೆ ಚೌಕಿ ಎಲ್ಲಿ ಮುಗಿಯಿತು, ರಂಗ ಎಲ್ಲಿ ಶುರುವಾಯಿತು ಎನ್ನುವುದು ಊರಿಗೆಲ್ಲ ಕಾಣುತ್ತದೆ. ಚೌಕಟ್ಟು ಸಡಿಲವಾದಾಗ ಏನಾಗುತ್ತದೆ ಎನ್ನುವುದನ್ನೂ ನಾವು ನೋಡಿದ್ದೇವೆ. 1987–88ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುವಾಗ ಎಷ್ಟೋ ಮನೆಗಳಲ್ಲಿ ಟಿವಿಗೇ ಹಾರ ಹಾಕಿ ಊದುಬತ್ತಿ ಹಚ್ಚುತ್ತಿದ್ದರು. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕಲ್ಲಿನಲ್ಲಿ ದೇವರನ್ನು ಕಾಣುವವರಿಗೆ ಗಾಜಿನಲ್ಲಿ ಕಾಣುವುದು ಕಷ್ಟವೇನಲ್ಲ, ಅದು ಬೇರೆಯದೇ ಲೆಕ್ಕ. ಆದರೆ ಶಂಕುಕನ ಐದನೆಯ ಬಗೆ ಅಲ್ಲಿ ಮೆಲ್ಲಗೆ ಇನ್ನೊಂದರೊಳಗೆ ಜಾರಿತ್ತು.

ಫೋನಿನಲ್ಲಂತೂ ಚೌಕಿಯೇ ಇಲ್ಲ. ಮಗಳ ಮದುವೆಯ ಫೋಟೊ, ಕರೆಂಟ್ ಬಿಲ್ಲು, ಯುದ್ಧದ ವಿಡಿಯೊ, ಆರು ಬೆರಳಿನ ಹುಡುಗ, ಕಷಾಯದ ಪೋಸ್ಟರ್, ಎಲ್ಲ ಒಂದೇ ಅಳತೆಯಲ್ಲಿ, ಒಂದೇ ಹೊಳಪಿನಲ್ಲಿ, ಒಂದರ ಕೆಳಗೊಂದು. ಆರು ಬೆರಳೇ ಒಂದು ಚೌಕಟ್ಟಾಗಿತ್ತು ಅನ್ನಬಹುದು. ಈಗಿನ ಯಂತ್ರಗಳು ಬೆರಳು ಸರಿಯಾಗಿ ಎಣಿಸುತ್ತವೆ, ಕನ್ನಡ ಅಕ್ಷರವನ್ನೂ ಮೊದಲಿನ ಹಾಗೆ ಜಿಲೇಬಿ ಮಾಡುವುದಿಲ್ಲ.

ಅಭಿನವಗುಪ್ತ ಹೇಳುವ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. ರಸಕ್ಕೆ ಏಳು ಅಡ್ಡಿಗಳನ್ನು ಅವನು ಎಣಿಸುತ್ತಾನೆ. ಮೊದಲನೆಯದು, ನೋಡುವವರಿಗೆ "ಹೀಗೆ ಆಗಲು ಸಾಧ್ಯವೇ ಇಲ್ಲ" ಅನಿಸಿಬಿಡುವುದು. ಆಗ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಅವನು ಹೇಳುವ ಮದ್ದು, ಸಾಮಾನ್ಯರ ಅಳವಿಗೆ ಮೀರಿದ್ದನ್ನು ತೋರಿಸಬೇಕಾದರೆ ರಾಮನಂಥ ಎಲ್ಲರಿಗೂ ಗೊತ್ತಿರುವ ಹೆಸರನ್ನು ತೆಗೆದುಕೊಳ್ಳಿ, ಪರಿಚಯವೇ ನಂಬಿಕೆಯನ್ನು ತಂದುಕೊಡುತ್ತದೆ. ನಾಟಕ ಬರೆಯುವವರಿಗೆ ಕೊಟ್ಟ ಈ ಬುದ್ಧಿಮಾತನ್ನು ಡೀಪ್‌ಫೇಕ್ ಮಾಡುವವರು ಓದಿರಲಾರರು, ಆದರೆ ಅಕ್ಷರಶಃ ಪಾಲಿಸುತ್ತಾರೆ. 2023ರ ಮಾರ್ಚಿನಲ್ಲಿ ದಪ್ಪ ಬಿಳಿ ಜಾಕೆಟ್ ತೊಟ್ಟ ಪೋಪ್ ಫ್ರಾನ್ಸಿಸ್ ಚಿತ್ರ ಜಗತ್ತೆಲ್ಲ ಸುತ್ತಿತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಅಂಟಿಸಿ ಬಿಟ್ಟರು. ಪರಿಚಿತ ಮುಖ, ಚೊಕ್ಕ ಬೆಳಕು. ನಾಟಕದಲ್ಲಿ ಮನಸ್ಸನ್ನು ಕೂರಿಸುವ ಉಪಾಯವೇ ಇಲ್ಲಿ ಒಬ್ಬ ಹೆಣ್ಣುಮಗಳ ಮಾನ ತೆಗೆಯುವ ಉಪಾಯ.

ಹಾಗಾದರೆ ಚೆಂದಕ್ಕೂ ನಿಜಕ್ಕೂ ಸಂಬಂಧವೇ ಇಲ್ಲವೇ? ಇದೆ. ಅದು ಎಂಥದು ಎನ್ನುವುದಕ್ಕೆ ಶಂಕುಕನ ವಾದದ ಜೊತೆಯಲ್ಲೇ ಬರುವ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಕೊಟ್ಟಿದೆ. ಅದು ಬೌದ್ಧ ತಾರ್ಕಿಕ ಧರ್ಮಕೀರ್ತಿಯದು. ಕತ್ತಲಲ್ಲಿ ಎರಡು ಕಡೆ ಮಿನುಗು ಕಾಣುತ್ತಿದೆ. ಒಂದು ದೀಪದ ಬೆಳಕು, ಇನ್ನೊಂದು ರತ್ನದ ಕಾಂತಿ. ಇಬ್ಬರು ಒಂದೊಂದನ್ನು ನೋಡಿ "ಅದೇ ರತ್ನ" ಎಂದು ಓಡುತ್ತಾರೆ. ತಪ್ಪು ಇಬ್ಬರದೂ, ಯಾಕೆಂದರೆ ಕಂಡದ್ದು ಬರೀ ಮಿನುಗು, ಮಿನುಗು ರತ್ನವಲ್ಲ. ಆದರೆ ಒಬ್ಬನಿಗೆ ರತ್ನ ಸಿಗುತ್ತದೆ, ಇನ್ನೊಬ್ಬನ ಕೈ ಸುಡುತ್ತದೆ (ಕೈ ಸುಡುವುದು ನಾನು ಸೇರಿಸಿದ್ದು). ತಪ್ಪಾಗಿ ತಿಳಿದರೂ ಕೈಗೆ ಸಿಗುವ ಫಲ ಬೇರೆ ಬೇರೆ ಆಗಬಹುದು ಅನ್ನುವುದು ಅವನ ಮಾತು.

ಸೌಂದರ್ಯ ಆ ಮಿನುಗು. ಅದನ್ನು ನೋಡಿ ಓಡುವುದು ತಪ್ಪಲ್ಲ, ಕೆಲವು ಸಲ ಓಡಲು ಬೇರೆ ಗುರುತೇ ಇರುವುದಿಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಖಗೋಳಜ್ಞ ಕೆಪ್ಲರ್‌ಗಿಂತ ಒಳ್ಳೆ ಸಾಕ್ಷಿ ಇಲ್ಲ. 1596ರಲ್ಲಿ, ಇನ್ನೂ 25 ತುಂಬುವ ಮೊದಲು, ಅವನು ಒಂದು ಪುಸ್ತಕ ಬರೆದ. ಆಗ ಗೊತ್ತಿದ್ದ ಗ್ರಹಗಳು ಆರು. ಎಲ್ಲ ಅಂಚು, ಮುಖ, ಮೂಲೆಗಳೂ ಒಂದೇ ಸಮ ಇರುವ ಘನಾಕೃತಿಗಳು ಐದು, ಆರನೆಯದು ಸಾಧ್ಯವೇ ಇಲ್ಲ. ಆರು ಗ್ರಹಗಳ ನಡುವೆ ಐದು ಸಂದು. ಒಂದೊಂದು ಸಂದಿನಲ್ಲಿ ಒಂದೊಂದು ಆಕೃತಿ ಕೂರಿಸಿದರೆ ದೂರಗಳು ಹೆಚ್ಚುಕಡಿಮೆ ಹೊಂದುತ್ತವೆ! ದೇವರ ನೀಲನಕ್ಷೆ ಸಿಕ್ಕಿತೆಂದು ಅವನು ಕುಣಿದಾಡಿದ. ನಿಜ ಹೇಳಬೇಕೆಂದರೆ ಇವತ್ತು ಅದರ ಚಿತ್ರ ನೋಡಿದರೂ ಮೈ ಜುಂ ಅನ್ನುತ್ತದೆ. ಪೂರ್ತಿ ತಪ್ಪು. ಗ್ರಹಗಳು ಆರಲ್ಲ ಅನ್ನುವುದಕ್ಕೇ ಎಲ್ಲ ಬಿದ್ದುಹೋಗುತ್ತದೆ.

ಆಮೇಲೆ ಟೈಕೊ ಬ್ರಾಹೆ ಎಂಬ ಖಗೋಳಜ್ಞ ವರ್ಷಗಟ್ಟಲೆ ಆಕಾಶ ನೋಡಿ ಅಳೆದಿಟ್ಟ ಲೆಕ್ಕ ಅವನ ಕೈಗೆ ಬಂತು. ಮಂಗಳ ಗ್ರಹವನ್ನು ವೃತ್ತಗಳಲ್ಲೇ ಸುತ್ತಿಸಲು ಒದ್ದಾಡಿದ. ಕೊನೆಗೆ ಅವನ ಲೆಕ್ಕಕ್ಕೂ ಟೈಕೊನ ಅಳತೆಗೂ ನಡುವೆ ಉಳಿದದ್ದು ಎಂಟು ಕಲೆಯ ವ್ಯತ್ಯಾಸ, ಅಂದರೆ ಒಂದು ಡಿಗ್ರಿಯ ಅರವತ್ತು ಪಾಲಿನಲ್ಲಿ ಎಂಟು, ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗದಷ್ಟು. ಯಾರಾದರೂ "ಹೋಗಲಿ ಬಿಡು" ಎನ್ನಬಹುದಾದಷ್ಟು. ಅವನು ಬಿಡಲಿಲ್ಲ. ಎರಡು ಸಾವಿರ ವರ್ಷ ಎಲ್ಲರೂ ಪರಿಪೂರ್ಣ ಎಂದು ನಂಬಿದ್ದ ವೃತ್ತವನ್ನು ಕೈಬಿಟ್ಟ, ತುಸು ಚಪ್ಪಟೆಯಾದ ದೀರ್ಘವೃತ್ತವನ್ನು ಒಪ್ಪಿಕೊಂಡ. ಅದು 1609ರಲ್ಲಿ ಅಚ್ಚಾಯಿತು. ಇಲ್ಲಿಗೆ ಕಥೆ ನಿಲ್ಲಿಸಿದರೆ "ಚೆಂದ ಬಿಡಿ, ಲೆಕ್ಕ ನೋಡಿ" ಅನ್ನುವ ಪಾಠವಾಗುತ್ತದೆ. ಆದರೆ ಕೆಪ್ಲರ್ ಅಷ್ಟು ಒಳ್ಳೆ ವಿದ್ಯಾರ್ಥಿಯಲ್ಲ. ತನ್ನ ಐದು ಆಕೃತಿಗಳ ಮೋಹ ಅವನಿಗೆ ಕೊನೆಗೂ ಬಿಡಲಿಲ್ಲ, 1621ರಲ್ಲಿ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ. ಅದಕ್ಕಿಂತ ವಿಚಿತ್ರ ಎಂದರೆ, ಗ್ರಹಗಳ ಓಟದಲ್ಲಿ ಸಂಗೀತದ ಸ್ವರಗಳಿವೆ ಎಂದು ಹುಡುಕುತ್ತ ಬರೆದ 1619ರ ಇನ್ನೊಂದು ಪುಸ್ತಕದಲ್ಲೇ, ಗ್ರಹದ ದೂರಕ್ಕೂ ಅದು ಸೂರ್ಯನನ್ನು ಸುತ್ತುವ ಕಾಲಕ್ಕೂ ನಂಟು ಹೇಳುವ ಅವನ ಮೂರನೆಯ ನಿಯಮ ಇರುವುದು. ಮುಂದೆ ನ್ಯೂಟನ್‌ಗೆ ಗುರುತ್ವದ ದಾರಿ ತೋರಿಸಿದ ನಿಯಮ ಅದು. ಅದೇ ಮನುಷ್ಯ, ಅದೇ ಹುಚ್ಚು, ಒಂದು ಸಲ ದೀಪ, ಒಂದು ಸಲ ರತ್ನ. ಓಡುವಾಗ ಅವನಿಗೆ ಎರಡೂ ಒಂದೇ ಥರ ಹೊಳೆದಿದ್ದವು.

ಇಪ್ಪತ್ತನೆಯ ಶತಮಾನದಲ್ಲೂ ಇದೇ ಓಟ. ಭೌತವಿಜ್ಞಾನಿ ಪಾಲ್ ಡಿರಾಕ್ 1928ರಲ್ಲಿ ಬರೆದ ಸಮೀಕರಣದ ಅಂದವನ್ನು ನಂಬಿಯೇ ಮುಂದೆ ಹೋದ, ಆ ಸಮೀಕರಣ ಸೂಚಿಸಿದ್ದ ಪಾಸಿಟ್ರಾನ್ ಎಂಬ ಕಣ 1932ರಲ್ಲಿ ಸಿಕ್ಕಿತು. ಸಮೀಕರಣ ಪ್ರಯೋಗಕ್ಕೆ ಹೊಂದುವುದಕ್ಕಿಂತ ಅದರಲ್ಲಿ ಸೌಂದರ್ಯ ಇರುವುದೇ ಮುಖ್ಯ ಎಂದು 1963ರಲ್ಲಿ ಬರೆಯುವಷ್ಟು ಧೈರ್ಯ ಅವನಿಗೆ ಬಂತು. ಅದೇ ಧೈರ್ಯದಲ್ಲಿ ಎಷ್ಟೋ ಜನ, ಗೊತ್ತಿರುವ ಪ್ರತಿ ಕಣಕ್ಕೂ ಒಂದು ಜೋಡಿ ಕಣ ಇರಬೇಕೆನ್ನುವ ಸೂಪರ್‌ಸಿಮೆಟ್ರಿಯನ್ನು ನಂಬಿದರು. ಕಣಗಳನ್ನು ಡಿಕ್ಕಿ ಹೊಡೆಸುವ ಜಿನೀವಾ ಬಳಿಯ ಯಂತ್ರದಲ್ಲಿ 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು, ಆ ಚೆಂದದ ಸಿದ್ಧಾಂತ ಹೇಳಿದ ಜೋಡಿ ಕಣಗಳು ಇವತ್ತಿಗೂ ಸಿಕ್ಕಿಲ್ಲ. ರಾಮಾನುಜನ್ 1913ರಲ್ಲಿ ಕಳಿಸಿದ ಸೂತ್ರಗಳನ್ನು ನೋಡಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ, ಇವು ನಿಜವೇ ಇರಬೇಕು, ನಿಜವಲ್ಲದಿದ್ದರೆ ಇವನ್ನು ಕಲ್ಪಿಸಿಕೊಳ್ಳುವ ಶಕ್ತಿ ಯಾರಿಗೂ ಇರುತ್ತಿರಲಿಲ್ಲ ಅನಿಸಿತಂತೆ. ಹೆಚ್ಚಿನವು ನಿಜವೇ ಆದವು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಹೇಳಿದ್ದು ಮಾತ್ರ ತಪ್ಪಾಗಿತ್ತು, ಅದನ್ನು ಹೇಳಿದವನೂ ಅದೇ ಹಾರ್ಡಿ. ಅಂದರೆ ಚೆಂದಕ್ಕೆ ಮರುಳಾದ ಮೇಲೂ ಕೂತು ಒಂದೊಂದಾಗಿ ಪರೀಕ್ಷೆ ಮಾಡುವ ವ್ಯವಧಾನ ಅವನಿಗಿತ್ತು.

ಆ ವ್ಯವಧಾನ ಎಲ್ಲರಿಗೂ ಇರುವುದಿಲ್ಲ, ಓದಿದವರಿಗೂ. 2023ರಲ್ಲಿ ನ್ಯೂಯಾರ್ಕಿನ ಒಂದು ಫೆಡರಲ್ ಕೋರ್ಟಿನಲ್ಲಿ ವಕೀಲರು ಚಾಟ್‌ಜಿಪಿಟಿ ಹೊಸೆದುಕೊಟ್ಟ, ಇಲ್ಲದ ತೀರ್ಪುಗಳನ್ನು ಆಧಾರವಾಗಿ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದರು. ತೀರ್ಪುಗಳ ಹೆಸರು, ಸಂಖ್ಯೆ, ಭಾಷೆಯ ಠೀವಿ ಎಲ್ಲ ಕೋರ್ಟಿನದೇ ಥರ ಇತ್ತು. ಅವರ ಉತ್ತರ ಬೇರೆ ಮಾತಿನಲ್ಲಿದ್ದರೂ ತಿರುಳು ನಮ್ಮ ದೊಡ್ಡಮ್ಮನದೇ, ಇಷ್ಟು ನೀಟಾಗಿರುವುದು ಸುಳ್ಳು ಹೇಗಾದೀತು ಅಂತ.

ಈಗ ಎಲ್ಲರೂ ಹೇಳುವ ಪರಿಹಾರ ಲೇಬಲ್ಲು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಮುಂದಿಟ್ಟ ಕರಡು ನಿಯಮದಲ್ಲಿ, ಯಂತ್ರ ಮಾಡಿದ ಚಿತ್ರವಾದರೆ ಅದರ ಕನಿಷ್ಠ 10 ಶೇಕಡಾ ಜಾಗದಲ್ಲಿ ಹಾಗೆಂದು ಬರೆದಿರಬೇಕು ಎಂಬ ಸಲಹೆ ಇತ್ತು. ಕಳೆದುಹೋದ ಚೌಕಟ್ಟನ್ನು ಕಾನೂನಿನಿಂದ ಮರಳಿ ಕಟ್ಟುವ ಪ್ರಯತ್ನ ಇದು. ಬೇಡ ಎನ್ನಲಾರೆ. ಆದರೆ ಅಂಚು ಕತ್ತರಿಸಿ ಕಳಿಸುವುದು ಎಂಟು ವರ್ಷದ ಮಗುವಿಗೂ ಗೊತ್ತು. ಅದಕ್ಕಿಂತ ದೊಡ್ಡ ತೊಂದರೆ, ಲೇಬಲ್ಲು ಇಲ್ಲದ್ದೆಲ್ಲ ನಿಜ ಎಂಬ ಹೊಸ ರೂಢಿ ಬೆಳೆಯಬಹುದು. ಮತ್ತೆ, ಕಷಾಯದ ಪೋಸ್ಟರಿನಲ್ಲಿ ಸುಳ್ಳಿದ್ದದ್ದು ಚಿತ್ರದಲ್ಲಲ್ಲ. ಅದನ್ನು ಮನುಷ್ಯರೇ ಕೂತು ಬಿಡಿಸಿದ್ದರೂ ಬಿಪಿ ಇಳಿಯುತ್ತಿರಲಿಲ್ಲ. ನಾನು ನೋಡುವ ಗೆರೆ ಬೇರೆ ಕಡೆ ಇದೆ. ಚಿತ್ರದ ಕುದುರೆಗೆ ಮಗು ಹುಲ್ಲು ಹಾಕುವುದಿಲ್ಲ ಅಂದೆನಲ್ಲ, ಅಲ್ಲಿ. ನೋಡಿ ಸುಮ್ಮನಾಗುವ ಚಿತ್ರ ಯಾರು ಮಾಡಿದ್ದಾದರೂ ಆಗಲಿ. ಏನಾದರೂ ಮಾಡು, ಮಾತ್ರೆ ಬಿಡು, ದುಡ್ಡು ಹಾಕು, ಆ ಜಾತಿಯವರನ್ನು ಊರಿನಿಂದ ಓಡಿಸು ಎನ್ನುವ ಚಿತ್ರ ಬಂದ ಕೂಡಲೇ ಅದು ರಂಗದಿಂದ ಕೆಳಗಿಳಿದಿದೆ. ಆಮೇಲೆ ಅದರ ಚೆಂದಕ್ಕೆ ಸಾಕ್ಷಿ ಹೇಳುವ ಹಕ್ಕಿಲ್ಲ.

ಅನುಮಾನದ ಕಾಲದಲ್ಲಿ ಇನ್ನೊಂದು ತಮಾಷೆಯೂ ಶುರುವಾಗಿದೆ. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಎಂಬ ಜರ್ಮನ್ ಕಲಾವಿದ ಒಂದು ದೊಡ್ಡ ಫೋಟೊ ಸ್ಪರ್ಧೆಗೆ ಎಐ ಚಿತ್ರ ಕಳಿಸಿ, ಗೆದ್ದು, ಬಹುಮಾನ ಬೇಡ ಎಂದ. ಮರುವರ್ಷ ಮೈಲ್ಸ್ ಆಸ್ಟ್ರೇ ಎಂಬ ಫೋಟೊಗ್ರಾಫರ್ ಅದನ್ನೇ ತಿರುಗಿಸಿದ. ಕತ್ತು ಮಡಚಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದುದರಿಂದ ತಲೆಯೇ ಇಲ್ಲದಂತೆ ಕಾಣುವ ಒಂದು ಫ್ಲೆಮಿಂಗೊ ಹಕ್ಕಿಯ ನಿಜವಾದ ಫೋಟೊವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿದ. ಬಹುಮಾನ ಬಂತು. ನಿಜವಾದ ಹಕ್ಕಿ ಎಂದು ಹೇಳಿದ ಮೇಲೆ ವಾಪಸ್ ಹೋಯಿತು.

ನಮ್ಮ ಗ್ರೂಪಿನಲ್ಲೂ ಆಯಿತು. ದೊಡ್ಡಮ್ಮ ಈಗ ಮಾತ್ರೆ ಬಿಡುವುದಿಲ್ಲ, ಏನೇ ಬಂದರೂ ಮೊದಲು "ಇದು ನೋಡೋಕಾ, ನಂಬೋಕಾ?" ಎಂದು ಕೇಳುತ್ತಾರೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಒಂದು ಫೋಟೊ ಹಾಕಿದರು. ಕಪ್ಪು ಕತ್ತಲು, ನಡುವೆ ಒಂದೇ ಗಿಡದಲ್ಲಿ ಹತ್ತೊಂಬತ್ತು ಬ್ರಹ್ಮಕಮಲ, ಒಂದೊಂದೂ ಒಳಗೆ ದೀಪ ಇಟ್ಟ ಹಾಗೆ. "ಎಐ ಸೂಪರ್" ಎಂದು ನನ್ನ ತಂಗಿ ಬರೆದಳು. ಇಬ್ಬರು ನಗುವ ಗುರುತು ಹಾಕಿದರು. ನಾನೂ ದೊಡ್ಡದು ಮಾಡಿ ದಳ ಎಣಿಸಿದೆ, ತಪ್ಪೇನಾದರೂ ಸಿಗುತ್ತದಾ ಎಂದು. ಎರಡು ನಿಮಿಷದಲ್ಲಿ ಫೋನ್ ಬಂತು. ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. "ನಮ್ಮ ಹಿತ್ತಲದು ಕಣೋ! ನಂಬಿಕೆ ಇಲ್ಲದಿದ್ರೆ ಬಂದು ನೋಡು!"

ಬೆಂಗಳೂರಿನಿಂದ ಬೆಳಿಗ್ಗೆ ಮೊದಲ ರೈಲು ಹಿಡಿದು ತಿಪಟೂರು ಮುಟ್ಟುವಷ್ಟರಲ್ಲಿ ಬ್ರಹ್ಮಕಮಲ ಬಾಡಿ ಕತ್ತು ಬಗ್ಗಿಸಿರುತ್ತದೆ.